ಬಾಣಂತಿಯ ಎಡಗಾಲು

ನಮ್ಮ ಮಲಬಾರಿನ ಹೊಳೆದಂಡೆಯ ಮನೆಗಳಲ್ಲಿ ಹೆರಿಗೆಯಾದರೆ ಮೊದಲು ಗೊತ್ತಾಗುವುದು ಮೂಗಿಗೆ. ತುಪ್ಪದಲ್ಲಿ ಕುದಿಯುವ ಲೇಹ್ಯದ ಪರಿಮಳ ತೆಂಗಿನ ತೋಟ ದಾಟಿ ದೋಣಿಕಡವಿನವರೆಗೆ ತೇಲಿಹೋಗುತ್ತದೆ. ಸಫೂರಕ್ಕನ ಬಾಣಂತನದ ಹದಿನೆಂಟನೇ ಬೆಳಿಗ್ಗೆಯೂ ಹಾಗೇ ತೇಲುತ್ತಿತ್ತು. ಹೊಳೆಯ ಮೇಲೆ ಮಂಜು, ಕೋಣೆಯೊಳಗೆ ಬಿಸಿಯೆಣ್ಣೆಯ ಆವಿ. ತೊಟ್ಟಿಲು ತೂಗುತ್ತ ನಾನೂ ಅರ್ಧ ನಿದ್ದೆಯಲ್ಲಿದ್ದೆ.

"ಕಾಲು ನೋಯ್ತಿದೆ ವಲ್ಯುಮ್ಮ," ಎಂದಳು ಅಕ್ಕ.

ವಲ್ಯುಮ್ಮ ಅಂದರೆ ನಮ್ಮಜ್ಜಿ. ಹೊದಿಕೆ ಸರಿಸಿ ನೋಡಿದರು. ಎಡಗಾಲಿನ ಮೀನಖಂಡ ಊದಿ ಕೆಂಪಾಗಿತ್ತು, ಮುಟ್ಟಿದರೆ ಬಿಸಿ. ಬಲಗಾಲು ಎಂದಿನಂತೇ ಇತ್ತು.

"ವಾಯು ಕಣೇ. ಬೀಯಾತು ಬಂದು ಬಿಸಿ ಎಣ್ಣೆ ಹಾಕಿ ನಾಲ್ಕು ಸಲ ನೀವಿದ್ರೆ ಇಳಿದುಹೋಗತ್ತೆ."

ಅಕ್ಕ ಮೊದಲೇ ದಪ್ಪ. ಹೊಟ್ಟೆ ಕೊಯ್ದು ಮಗು ತೆಗೆದ ಡಾಕ್ಟರು, ರಕ್ತದಲ್ಲಿ ಕೊಬ್ಬು ಜಾಸ್ತಿಯಿದೆ, ತುಪ್ಪ ಇಳಿಸಿ, ದಿನಾ ನಡೆಸಿ ಎಂದು ಬರೆದುಕೊಟ್ಟಿದ್ದರು. ವಲ್ಯುಮ್ಮ ಆ ಚೀಟಿಯನ್ನು ಮಡಿಸಿ ದಿಂಬಿನಡಿ ಇಟ್ಟುಬಿಟ್ಟಿದ್ದರು. ನಲವತ್ತನೇ ದಿನ ಗಂಡನ ಮನೆಯವರು ಕರೆದೊಯ್ಯಲು ಬಂದಾಗ ಬಾಣಂತಿ ಎಷ್ಟು ಗುಂಡಗಾಗಿದ್ದರೆ ತವರಿಗೆ ಅಷ್ಟು ಹೆಸರು. ಹಾಗಾಗಿ ಅಕ್ಕ ಮಂಚ ಇಳಿಯುವಂತಿರಲಿಲ್ಲ. ಲೇಹ್ಯದ ಬಟ್ಟಲು ಖಾಲಿಯಾದರೆ ತಾನಾಗಿ ತುಂಬುತ್ತಿತ್ತು.

ಬಾಣಂತಿಯರಿಗೆ ಎಣ್ಣೆ ತಿಕ್ಕಿ ಮೀಯಿಸುವ ಬೀಯಾತು ಬಂದು ಅಂಗೈಗೆ ಎಣ್ಣೆ ಸುರಿದುಕೊಂಡಳು. ಅಷ್ಟರಲ್ಲಿ ಮಗುವಿನ ತೂಕ ನೋಡಲು ಬಂದ ಆಶಾ ಕಾರ್ಯಕರ್ತೆ, ಊರಿಗೆಲ್ಲ ಚೇಚಿ ಅಂದರೆ ಅಕ್ಕನಾದ ವಿಲಾಸಿನಿ, ಬಾಗಿಲಲ್ಲೇ ಕೂಗಿದರು.

"ಬೀಯಾತೂ, ಆ ಕಾಲು ಮುಟ್ಬೇಡ!"

"ಯಾಕೆ ಚೇಚಿ, ನನ್ನ ಕೈಯಲ್ಲಿ ಮುಳ್ಳಿದೆಯಾ?"

"ಮುಳ್ಳು ಕಾಲಿನೊಳಗಿದೆ. ರಕ್ತ ಹೆಪ್ಪುಗಟ್ಟಿರಬಹುದು. ನೀನು ನೀವಿ, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಕೂತ್ರೆ ಉಸಿರೇ ನಿಲ್ಲತ್ತೆ."

ವಲ್ಯುಮ್ಮ ಸೊಂಟದ ಮೇಲೆ ಕೈಯಿಟ್ಟರು. "ನಾನು ಹನ್ನೊಂದು ಹೆತ್ತವಳು ವಿಲಾಸಿನಿ. ಹೆಪ್ಪಾಗೋದು ಹಾಲು. ರಕ್ತ ಎಲ್ಲಾದ್ರೂ ಹೆಪ್ಪಾಗತ್ತಾ?"

"ಗಾಯದಿಂದ ಸುರಿಯೋ ರಕ್ತ ನಿಲ್ಲೋದು ಹೇಗೆ ಉಮ್ಮಾ? ಹೆಪ್ಪಾಗಿಯೇ ಅಲ್ವಾ? ಹೆರಿಗೇಲಿ ರಕ್ತ ಹೆಚ್ಚು ಹೋಗ್ಬಾರ್ದು ಅಂತ ಮೈಯೇ ಆ ಗುಣ ಜಾಸ್ತಿ ಮಾಡ್ಕೊಂಡಿರತ್ತೆ. ಅದರ ಮೇಲೆ ಇವಳ ತೂಕ. ಕೊಬ್ಬು ಸುಮ್ನೆ ಕೂತಿರೋ ಸಾಮಾನಲ್ಲ. ಗಟ್ಟಿಯಾಗು, ಗಟ್ಟಿಯಾಗು ಅಂತ ರಕ್ತದ ಕಿವೀಲಿ ಪಿಸುಗುಡ್ತಾ ಇರತ್ತೆ. ಕಟ್ಟಿದ ಹೆಪ್ಪು ಕರಗೋದನ್ನೂ ತಡೆಯತ್ತೆ. ರಕ್ತದಲ್ಲಿ ತೇಲೋ ಕೊಬ್ಬೂ ಅದಕ್ಕೆ ಹೂಂ ಅನ್ನತ್ತೆ. ಸಾಲದ್ದಕ್ಕೆ ನೀವು ಹದಿನೆಂಟು ದಿನ ಅಲುಗಾಡದ ಹಾಗೆ ಮಲಗಿಸಿದ್ರಿ."

ಅಕ್ಕನ ಮೈಯೊಳಗಿನ ಹೊಳೆಗಳೆಲ್ಲ ನನ್ನ ಕಣ್ಣಿಗೆ ಕಂಡಂತಾಯಿತು. ವಲ್ಯುಮ್ಮ ಹೇಳುತ್ತಿದ್ದ ಕಥೆಯೊಂದರಲ್ಲಿ ಮಾಯಗಾತಿ ಜೋಗುಳ ಹಾಡಿ ಹೊಳೆಯನ್ನೇ ಮಲಗಿಸುತ್ತಾಳೆ; ದಡದ ಊರಿಗೆ ಊರೇ ಉಸಿರಾಡುವುದನ್ನು ಮರೆಯುತ್ತದೆ. ನಾವೂ ಅಂಥದೇ ಜೋಗುಳ ಹಾಡಿದ್ದೆವೋ ಏನೋ.

"ನಾವೂ ತುಪ್ಪ ಕುಡಿದ್ವಿ," ವಲ್ಯುಮ್ಮ ಬಿಡಲಿಲ್ಲ.

"ಕುಡಿದ್ರಿ. ಎಷ್ಟನೇ ದಿನಕ್ಕೆ ಒನಕೆ ಹಿಡಿದ್ರಿ, ಹೇಳಿ?"

ವಲ್ಯುಮ್ಮ ಬೆರಳು ಮಡಿಸಿ ಎಣಿಸಿದರು.

"ಹನ್ನೊಂದಕ್ಕೆ. ನಮ್ಮತ್ತೆ ಮಲಗೋಕೆ ಎಲ್ಲಿ ಬಿಟ್ಲು, ಪಿಶಾಚಿ!" ಎಂದ ವಲ್ಯುಮ್ಮ, ದಿಂಬಿನಡಿಯ ಚೀಟಿ ತೆಗೆದು ನನ್ನ ಕೈಗಿಟ್ಟರು. "ಆಟೋ ಕರಿ ಮಗಳೇ."

ಸ್ಕ್ಯಾನಿಂಗ್‌ನಲ್ಲಿ ಹೆಪ್ಪು ಕಂಡಿತು. "ಆ ಕಾಲನ್ನು ಯಾರೂ ತಿಕ್ಕಿಲ್ಲ ತಾನೆ?" ಎಂದು ಡಾಕ್ಟರು ಎರಡು ಸಲ ಕೇಳಿದರು. ಇಂಜೆಕ್ಷನ್ ಶುರುವಾಯಿತು; ಮೂರು ತಿಂಗಳು ಔಷಧಿ. ಮನೆಗೆ ಬಂದ ಮೇಲೆ ಡಾಕ್ಟರು ಹೇಳಿದಂತೆ ವಲ್ಯುಮ್ಮನೇ ಅಕ್ಕನ ತೋಳು ಹಿಡಿದು ಅಂಗಳದಲ್ಲಿ ನಡೆಸಿದರು. ತಟ್ಟೆಗೆ ಮೀನು, ಸೊಪ್ಪು ಬಂದವು. ತುಪ್ಪ ಒಂದು ಚಮಚಕ್ಕಿಳಿಯಿತು.

ನಲವತ್ತನೇ ದಿನ ಅಕ್ಕನ ಅತ್ತೆ ಬಂದು ಮೂಗು ಮುರಿದರು. "ಸೊರಗಿದ್ದಾಳಲ್ಲ! ತವರಲ್ಲಿ ಏನೂ ಹಾಕ್ಲಿಲ್ವಾ?"

"ಹಾಕಿದ್ದು ಜಾಸ್ತಿಯಾಗಿ ಹುಡುಗಿ ಕೈತಪ್ಪಿ ಹೋಗ್ತಿದ್ಲು," ಎಂದರು ವಲ್ಯುಮ್ಮ. "ಉಸಿರಾಡ್ತಾ ನಿಂತಿದ್ದಾಳೆ, ಕರ್ಕೊಂಡು ಹೋಗು. ನಿನ್ನ ಅಂಗಳದಲ್ಲೂ ದಿನಾ ನಡೆಸ್ತೀನಿ ಅಂತ ಮೊದಲು ಮಾತು ಕೊಡು."

ಅಮ್ಮಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಬಾಣಂತಿಯ ಎರಡೂ ಕಾಲನ್ನು ಇವತ್ತೇ ಒಮ್ಮೆ ನೋಡಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಏದುಸಿರು, ಎದೆನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ. ತೆಳ್ಳಗಿನವರಿಗೂ ಹೀಗಾಗಬಹುದು. ಆದರೆ ಮೈತೂಕ, ರಕ್ತದ ಕೊಬ್ಬು ಏರಿದಂತೆ, ಗಂಡಸರಿಗೂ ಹೆಂಗಸರಿಗೂ, ಅಪಾಯ ಏರುತ್ತದೆ. ತೂಕ ನೋಡಿಸಿಕೊಳ್ಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಡಾಕ್ಟರು ನಡೆಯಬಹುದು ಎಂದ ದಿನವೇ ಬಾಣಂತಿಯ ಕೈ ಹಿಡಿದು ಮಂಚದಿಂದ ಇಳಿಸಿ.