ಸಮಾಜ ವಿಜ್ಞಾನದ ಖಾಲಿ ಪೀರಿಯಡ್ಡು

ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರನ್ನು ಹೊರಗಿನ ಕೆಲಸಕ್ಕೆಂದು ಅಲುಗಾಡಿಸಲು ಎಲ್ಲರಿಗೂ ಭಯ. ಇಂಗ್ಲಿಷಿನವರು ಸಿಗುವುದೇ ಕಷ್ಟ. ಉಳಿದವನು ನಾನು, ಇತಿಹಾಸ, ಭೂಗೋಳ, ಪೌರನೀತಿ ಹೇಳುವ ಶಿವಯೋಗಿ. ಮತದಾರರ ಪಟ್ಟಿಗೆ ನಾನು, ಗಣತಿಗೆ ನಾನು, ಊರಿಗೆ ಮಂತ್ರಿ ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲೂ ನಾನು. ನನ್ನದು ಮಕ್ಕಳು ತಾವೇ ಓದಿಕೊಳ್ಳಬಹುದಾದ ವಿಷಯವಂತೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಉಜ್ಜಿನಿಯಿಂದಾಚೆಗಿನ ನಮ್ಮ ಶಾಲೆಯ ಹತ್ತನೇ ತರಗತಿಯಲ್ಲಿ ನಲವತ್ತೊಂದು ಮಕ್ಕಳು. ಇತಿಹಾಸವೆಂದರೆ ನೆಟ್ಟಗೆ ಕೂರುವವಳು ಒಬ್ಬಳೇ, ಕುರಿಗಾರರ ಹಟ್ಟಿಯ ಭೂಮಿಕಾ. ಅರಣ್ಯ ಇಲಾಖೆ ಬರುವುದಕ್ಕಿಂತ ಮುಂಚೆ ತಾವು ಕುರಿ ಮೇಯಿಸುವ ಗುಡ್ಡ ಯಾರದಾಗಿತ್ತು ಎಂದು ಒಮ್ಮೆ ಕೇಳಿದ್ದಳು. ನನಗೆ ಗೊತ್ತಿರಲಿಲ್ಲ. ಕೊಟ್ಟೂರಿನ ಗ್ರಂಥಾಲಯದಲ್ಲಿ ಎರಡು ಸಂಜೆ ಕೂತು, ಓದಿಕೊಂಡು ಹೋಗಿ ಉತ್ತರ ಹೇಳಿದೆ. ಹದಿನಾಲ್ಕು ವರ್ಷದ ಸರ್ವಿಸಿನಲ್ಲಿ ನನ್ನನ್ನು ಹಾಗೆ ಓದಿಸಿದವರು ಬೇರಾರೂ ಇಲ್ಲ. ಆ ಹಟ್ಟಿಯಿಂದ ಹತ್ತನೇ ತರಗತಿ ಪಾಸಾದ ಹುಡುಗಿ ಇನ್ನೂ ಒಬ್ಬಳೂ ಇಲ್ಲ. ಇವಳು ಆಗಲೇಬೇಕೆಂಬುದು ನನ್ನ ಹಟ.

ನವೆಂಬರಿನಲ್ಲಿ ಮನೆಮನೆ ಸಮೀಕ್ಷೆಯ ಆದೇಶ ಬಂತು. ಇನ್ನೂ ಐದು ಪಾಠ ಬಾಕಿ ಇವೆ, ಬೇರೆ ಯಾರನ್ನಾದರೂ ಕಳಿಸಿ ಎಂದು ಹೆಡ್‌ಮಾಸ್ತರ್ ಬೆನಕಪ್ಪನವರನ್ನು ಅಂಗಲಾಚಿದೆ. ಅವರು ಕಾಗದದಿಂದ ತಲೆ ಎತ್ತದೆ ಸಹಿ ಹಾಕಿದರು.

"ಓದ್ಕೊಂತಾವ ಬಿಡ್ರಿ. ಸಮಾಜ ಏನು ಗಣಿತ ಅಲ್ಲಲ್ಲ."

ಮೂರು ವಾರವೆಂದಿದ್ದು ಆರಾಯಿತು. ಮೊದಲು ಫೋನಿನ ಆ್ಯಪ್ ಕೆಟ್ಟಿತು, ಸರಿಹೋದ ಮೇಲೆ ಮಾಡಿದ್ದನ್ನೆಲ್ಲ ಹೊಸದಾಗಿ ಮಾಡಿ ಎಂದರು. ಮನೆಯಲ್ಲಿ ಕೋಳಿ ಎಷ್ಟು, ಫ್ಯಾನ್ ಎಷ್ಟು ಎಂದು ಕೇಳುತ್ತಾ ನಾನು ಬಿಸಿಲಲ್ಲಿ ಅಲೆಯುತ್ತಿದ್ದರೆ, ನನ್ನ ಪೀರಿಯಡ್ಡಿನಲ್ಲಿ ಮಕ್ಕಳನ್ನು ಅಂಗಳ ಗುಡಿಸಲು ಹಚ್ಚುತ್ತಿದ್ದಾರೆಂದು ಸುದ್ದಿ ಬಂತು. ಬೆನಕಪ್ಪನವರಿಗೆ ಫೋನು ಮಾಡಿ ಜಗಳವಾಡಿದೆ. ಸ್ವಚ್ಛತೆಯೂ ಶಿಕ್ಷಣವೇ ಎಂದರು. ಇಂಥವರಿಗೆ ಏನು ಹೇಳುವುದು?

ಆರನೇ ವಾರ ಭೂಮಿಕಾಳ ಹಟ್ಟಿಯ ಸರದಿ ಬಂತು. ಅವಳಿಗೆಂದು ಪ್ರಶ್ನೋತ್ತರದ ಪುಸ್ತಕ ಹಿಡಿದು ಹೋದೆ. ಅವಳ ತಾಯಿ ಗಾದೆಮ್ಮ ನೀರು ಕೊಟ್ಟು, ಕಂಬಳಿ ಹಾಸಿ ಕೂರಿಸಿದಳು. ಮಗಳೆಲ್ಲಿ ಎಂದೆ. ಕುರಿಯ ಜೊತೆ ಗಂಗಾವತಿ ಕಡೆ ಹೋಗಿದ್ದಾಳೆ, ಮಂದೆಯ ಹತ್ತಿರ ಅಡುಗೆಗೆ ಒಬ್ಬರು ಬೇಕಿತ್ತು, ಹೋಗಿ ಹತ್ತು ದಿನವಾಯಿತು ಎಂದಳು.

ಇಷ್ಟು ದಿನದ ಸಿಟ್ಟೆಲ್ಲ ಆ ಹೆಂಗಸಿನ ಮೇಲೆ ಸುರಿದೆ. ಮಾರ್ಚಿನಲ್ಲಿ ಪರೀಕ್ಷೆ, ಅಂಥ ಜಾಣೆಯನ್ನು ಕುರಿಯ ಹಿಂದೆ ಕಳಿಸಿದ್ದೀರಲ್ಲ, ನಿಮಗೆ ಬುದ್ಧಿ ಬರುವುದು ಯಾವಾಗ ಎಂದೆಲ್ಲ ಅಂದೆ. ನಾನು ಮುಗಿಸಿದ ಮೇಲೆ ಗಾದೆಮ್ಮ ಹೇಳಿದಳು.

"ನಾ ಒಲ್ಲೆ ಅಂತ ಬಾಳ ಅತ್ತಳ್ರಿ. ಸಾಲಿ ನಡಿತೈತೋ ಇಲ್ಲೋ ನೋಡಾಕ ಅವರಪ್ಪ ಮೂರು ದಿನ ಹೋಗಿದ್ದ. ಮೂರೂ ದಿನ ಕಸ ಹೊಡಿತಿದ್ಳಂತ. ಕಸ ಹೊಡಿಯೋದು ನಮ್ಮ ಹಟ್ಟ್ಯಾಗೂ ಐತಲ್ರಿ ಸರ್."

ತಲೆ ತಗ್ಗಿಸಿ ಫೋನು ತೆಗೆದು ಪ್ರಶ್ನೆಗಳನ್ನು ಶುರು ಮಾಡಿದೆ. ಕುರಿ, ಕೋಳಿ, ಫ್ಯಾನ್ ಎಲ್ಲ ಮುಗಿದ ಮೇಲೆ, ಮಗು ಶಾಲೆಗೆ ಹೋಗದಿದ್ದರೆ ಕಾರಣವೇನು ಎಂಬ ಪ್ರಶ್ನೆ ಬಂತು. ಬಡತನ, ಮನೆಗೆಲಸ, ವಲಸೆ, ಮಗುವಿಗೆ ಆಸಕ್ತಿ ಇಲ್ಲ ಎಂಬ ಉತ್ತರಗಳಿದ್ದವು. ಯಾವುದಾದರೂ ಒಂದನ್ನು ಒತ್ತದೆ ಅದು ಮುಂದಕ್ಕೆ ಹೋಗುವುದಿಲ್ಲ. ಆಸಕ್ತಿ ಇಲ್ಲ ಎಂಬುದನ್ನು ನೋಡಿದಾಗ ನಾಚಿಕೆಯಾಯಿತು. 'ಇತರೆ' ಒತ್ತಿ, 'ಪಾಠ ಮಾಡಬೇಕಾದ ಶಿಕ್ಷಕ ಶಾಲೆಯಲ್ಲಿರಲಿಲ್ಲ' ಎಂದು ಬರೆದೆ.

ಅದರ ಕೆಳಗೆ ಸಮೀಕ್ಷೆ ಮಾಡಿದವರ ಹೆಸರು ಕೇಳಿತು. ಅದನ್ನೂ ಬರೆದೆ.

ಇನ್ನೂ ಹನ್ನೊಂದು ಮನೆ ಬಾಕಿ ಇದ್ದವು. ಫೋನನ್ನು ಜೇಬಿಗೆ ಹಾಕಿ, ಮಂದೆ ಈಗ ಯಾವ ಊರ ಗದ್ದೆಯಲ್ಲಿ ನಿಂತಿದೆ ಎಂದು ಗಾದೆಮ್ಮನನ್ನು ಕೇಳಿದೆ.