ಮರಿಯಮ್ಮನ ಕೆಂಪು ಕೆನ್ನೆ

ಮರಿಯಮ್ಮನ ಮುಖ ಗುಡ್ಡ ಹತ್ತಿ ಓಡಿಬಂದವಳ ಮುಖದಂತಿದೆ, ಅದಕ್ಕೆ ಕಾರಣ ನಾನು. ತೆಸ್ಸಾ ಹೀಗೆಂದು ತನ್ನೊಳಗೇ ಒಪ್ಪಿಕೊಳ್ಳುವಷ್ಟರಲ್ಲಿ, ಬಟ್ಟೆ ಹೊದಿಸಿದ, ಯೇಸುವಿನ ತಾಯಿಯ ಚಿತ್ರದ ಹಲಗೆ ಗಂಡಸರ ಹೆಗಲೇರಿ ಸಿಯೆನಾ ಪಟ್ಟಣದ ಇಳಿಜಾರು ಬೀದಿಯಲ್ಲಿ ತೂಗಾಡುತ್ತ ಹೊರಟಾಗಿತ್ತು. ಮುಂದೆ ನಗಾರಿ, ಹಿಂದೆ ಮೇಣದಬತ್ತಿ ಹಿಡಿದ ಹೆಂಗಸರು, ಮೇಲೆ ಹುಚ್ಚು ಹಿಡಿದಂತೆ ಬಡಿದುಕೊಳ್ಳುವ ಗಂಟೆಗಳು. ಇಗರ್ಜಿ ಮುಟ್ಟಿದ ಕೂಡಲೇ ಬಟ್ಟೆ ತೆಗೆಯುತ್ತಾರೆ.

ಮುಖ ಮಾತ್ರ ಚಿತ್ರಗಾರ ಮೇಷ್ಟ್ರ ಕೈಯಿಂದಲೇ ಆಗಬೇಕೆಂದು ಪಾದ್ರಿ ಆಂಬ್ರೋಜೊ ಮೊದಲೇ ಮಾತು ತೆಗೆದುಕೊಂಡಿದ್ದರು. ತಪ್ಪಿದರೆ ಹಲಗೆ ವಾಪಸ್ಸು. ಮೇಷ್ಟ್ರೆಂದರೆ ತೆಸ್ಸಾಳ ಅಪ್ಪ ಗುಚ್ಚೊ. ಅವನು ಚಿನ್ನದ ರೇಕು ಅಂಟಿಸಿದ, ನೀಲಿ ಹೊದಿಕೆ ಬರೆದ, ಮುಖವನ್ನು ಎಲ್ಲ ಚಿತ್ರಗಾರರಂತೆ ಕೊನೆಗೆ ಇಟ್ಟುಕೊಂಡ. ಅಷ್ಟರಲ್ಲಿ ಏಣಿಯಿಂದ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡ. ಕೈ ಅಂಗಿಯ ತೋಳಿನೊಳಗೆ ಅಡಗಿತು, ಕುಂಚ ಮಗಳ ಪಾಲಿಗೆ ಬಂತು. ನಾಲ್ಕು ಜನರೆದುರು ಬಾಯಿಯೇ ತೆರೆಯದ ಹುಡುಗಿ, ಗುಟ್ಟು ಎಲ್ಲಿಗೆ ಹೋದೀತು ಎಂಬ ಧೈರ್ಯ ಅವನದು.

ಕೆಡಿಸಿದ್ದು ಮೊಟ್ಟೆ. ಪೇಟೆಯ ಕೋಳಿಯ ಮೊಟ್ಟೆಯಲ್ಲಿ ಹಳದಿ ಬಿಳಿಚಿಕೊಂಡಿರುತ್ತದೆ, ಎಳೆಯ ಮುಖಗಳ ಬಣ್ಣ ಕಲಸಲು ಅದೇ ಬೇಕು. ಹಳ್ಳಿಕೋಳಿಯದು ಕೆಂಪಗೆ, ಬಿಸಿಲುಂಡ ಮುದಿ ಸಂತರಿಗೆ ಸರಿ. ಅಪ್ಪನ ಅಕ್ಕ ನೂತಾ ಅತ್ತೆಗೆ ಇದರ ಗೊಡವೆ ಏಕೆ? ಪೇಟೆಯ ಮೊಟ್ಟೆಗಳನ್ನೆಲ್ಲ ಈರುಳ್ಳಿ ಹಾಕಿ ಹುರಿದು ತಿಂದುಬಿಟ್ಟಿದ್ದಳು.

"ಇನ್ನೊಂದ್ ಬುಟ್ಟಿಲಿ ಇದಾವಲ್ಲೇ," ಎಂದು ಗಲ್ಲ ಒರೆಸಿಕೊಂಡಳು. "ಹಳ್ಳಿ ಮೊಟ್ಟೆ ಒಲ್ಲೆ ಅನ್ನೋಕೆ ಮರಿಯಮ್ಮ ಏನ್ ಅರಮನೇಲಿ ಹುಟ್ಟಿದ್ಲಾ?"

ತೆಸ್ಸಾ ಅದನ್ನೇ ಕಲಸಿದಳು. ಬರೆಯುವಾಗೆಲ್ಲ ಅತ್ತೆಯ ಗಲ್ಲಕ್ಕಂಟಿದ್ದ ಈರುಳ್ಳಿ ನೆನಪಾಗಿ ನಗು ಉಕ್ಕುತ್ತಿತ್ತು. ಆ ನಗು ಹೇಗೋ ಕುಂಚದ ತುದಿಗಿಳಿದು ಮರಿಯಮ್ಮನ ತುಟಿಯಂಚಿಗೆ ಹೋಗಿ ಕೂತಿತು. ಅಪ್ಪ ಬಹಳ ಹೊತ್ತು ನೋಡಿ, ಬಟ್ಟೆ ಮುಚ್ಚು ಎಂದಷ್ಟೇ ಹೇಳಿದ್ದ.

ಈಗ ಇಗರ್ಜಿಯೊಳಗೆ ಆ ಬಟ್ಟೆ ಸರಿಯಿತು. ನಗಾರಿಯವನ ಕೋಲು ಎತ್ತಿದಲ್ಲೇ ನಿಂತಿತು. ತೆಸ್ಸಾ ಕಂಬದ ಹಿಂದೆ ಸರಿದಳು.

ಮೊದಲು ಬಾಯಿಬಿಟ್ಟವಳು ರೊಟ್ಟಿಯಂಗಡಿಯ ಲಾಪಾ. "ಅಯ್ಯೋ, ಇವ್ಳು ಈಗಷ್ಟೇ ನೀರ್ ಹೊತ್ಕೊಂಡು ದಿಬ್ಬ ಹತ್ತಿ ಬಂದವಳ ಹಾಗಿದಾಳೆ ಕಣ್ರೇ. ನಮ್ಮ ಥರಾನೇ."

ಯಾರೋ ಕಿಸಕ್ಕೆಂದರು. ನಗು ಬೆಂಕಿಯಂತೆ ಬತ್ತಿಯಿಂದ ಬತ್ತಿಗೆ ಹತ್ತಿತು. ಇಗರ್ಜಿಯ ಹಳೇ ಚಿತ್ರದಲ್ಲಿ ಹೊಗೆ ಕುಡಿದು ಕಪ್ಪಾಗಿದ್ದ ಮರಿಯಮ್ಮ ಸುಂಕದ ಕಟ್ಟೆಯವನ ಹಾಗೆ ದುರುಗುಟ್ಟುತ್ತಿದ್ದಳಂತೆ, ಏನು ಬೇಡಿಕೊಳ್ಳಲೂ ಭಯವಂತೆ. ಇವಳೆದುರು ಒಬ್ಬಳು ಹಲ್ಲುನೋವು ತೋಡಿಕೊಂಡಳು, ಇನ್ನೊಬ್ಬಳು ಅತ್ತೆಯ ಮೇಲೆ ದೂರು ಹೇಳಿದಳು, ಮತ್ತೊಬ್ಬಳು ಕೂಸನ್ನೇ ಎತ್ತಿ ಚಿತ್ರದ ಮಡಿಲಲ್ಲಿದ್ದ ಬಾಲಯೇಸುವಿಗೆ ಪರಿಚಯ ಮಾಡಿಸಿದಳು. ಮತ್ತೆ ಶುರುವಾದ ನಗಾರಿ ತಾಳ ತಪ್ಪಿತು, ಹಲಗೆ ಹೊತ್ತವರು ನಗುತ್ತ ವಾಲಿದರು, ಅವರೊಂದಿಗೆ ಮರಿಯಮ್ಮನೂ ವಾಲಿದಳು. ಕಂಬದ ಹಿಂದಿನಿಂದ ತೆಸ್ಸಾ ಕಿವಿಗೊಟ್ಟಳು. ಇಷ್ಟು ಜನ ತನ್ನ ಜೊತೆ ಮಾತಾಡುತ್ತಿದ್ದಾರೆ, ಆ ಮುಖ ಬರೆದವಳು ತಾನೆಂದು ಗೊತ್ತಿಲ್ಲದೆ.

ಪಾದ್ರಿಗಳು ಕಣ್ಣೊರೆಸಿಕೊಂಡು, ಈ ಮುಖ ಬರೆದ ಕೈಯನ್ನು ಆಶೀರ್ವದಿಸಬೇಕು ಎಂದರು. ಗುಚ್ಚೊ ಎಡಗೈ ಚಾಚಿದ. ಎಲ್ಲರೂ ನಕ್ಕರು. ಮೇಷ್ಟ್ರಿಗೆ ನಾಚಿಕೆಯಂತೆ.

"ಬಲಗೈ ಕೊಡ್ರೀ ಮೇಷ್ಟ್ರೇ, ಒಂದ್ ಮುತ್ತು ಕೊಟ್ರೆ ಸವೆದು ಹೋಗತ್ತಾ?" ಎನ್ನುತ್ತ ಲಾಪಾ ತೋಳಿನೊಳಗೆ ಕೈಹಾಕಿ ಮಣಿಕಟ್ಟು ಹಿಡಿದೇಬಿಟ್ಟಳು. ಹಿಟ್ಟು ನಾದುವವಳ ಹಿಡಿತ. ಅಪ್ಪನ ಮುಖ ಸುಣ್ಣವಾಯಿತು, ಕಣ್ಣಲ್ಲಿ ನೀರು ಬಂತು. ಭಕ್ತಿ ಅಂದ್ರೆ ಇದಪ್ಪ ಎಂದು ಜನ ಕೊಂಡಾಡಿದರು. ಮುತ್ತಿಡಲು ಸಾಲು ಕಟ್ಟಿದರು.

ತೆಸ್ಸಾ ಕಂಬದ ಮರೆಯಿಂದ ಹೊರಬಂದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ ಉಳಿದಿದ್ದ ಬಲಗೈ ಮುಂದೆ ಚಾಚಿದಳು.

"ಆ ಕೈ ಬಿಡ್ರಮ್ಮ, ಮುರಿದಿದೆ. ಮುಖ ಬರೆದಿದ್ದು ನಾನು."