ಸ್ವಇಚ್ಛೆಯಿಂದ ಮರಳಿದರು

ನಾನು ಒಂದು ದಾಖಲೆ ಪುಸ್ತಕ. ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಓದುವವರು ಎರಡು ವರ್ಷ ಚೀಲದಲ್ಲಿಟ್ಟುಕೊಂಡು ತಿರುಗುವ, ನೀಲಿ ರಟ್ಟಿನ ದಪ್ಪ ಪುಸ್ತಕ. ಹುಬ್ಬಳ್ಳಿಯ ಒಂದು ಓಣಿಯ ಮುದ್ರಣಾಲಯದಲ್ಲಿ, ಮದುವೆಯ ಕರೆಯೋಲೆಗಳ ಪಕ್ಕದಲ್ಲೇ ನನ್ನ ಹಾಳೆಗಳಿಗೆ ಗೆರೆ ಎಳೆದರು. ಪ್ರತಿ ಪುಟದ ಮೇಲೂ ದಿನಾಂಕ, ಭೇಟಿಯ ಉದ್ದೇಶ, ನಡೆದದ್ದು, ಕಲಿತದ್ದು ಎಂದು ಅಚ್ಚು ಹಾಕಿದರು. ಕೆಳಗೆ ಮೇಲ್ವಿಚಾರಕರ ಸಹಿಗೆಂದು ಒಂದು ಚೌಕ ಬಿಟ್ಟರು. ನಡೆದದ್ದನ್ನು ನಡೆದ ಹಾಗೆ ಹೊತ್ತುಕೊಳ್ಳುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಹೊಸ ಕಾಗದ, ಇನ್ನೇನು ಗೊತ್ತಿರಬೇಕು ನನಗೆ?

ನನ್ನ ಮೊದಲ ಪುಟದಲ್ಲಿ ಹೆಸರು ಬರೆದವಳು ಕಸ್ತೂರಿ ಹಡಪದ. ರೋಣದ ಬಸ್‌ಸ್ಟ್ಯಾಂಡಿನ ಹತ್ತಿರ ಅವಳಪ್ಪನ ಕ್ಷೌರದಂಗಡಿ ಇತ್ತು. ಹೈಸ್ಕೂಲಿನಲ್ಲಿ ಇದ್ದಾಗಿನಿಂದಲೂ ಅವಳು ಆ ಅಂಗಡಿಯ ಬೆಂಚಿನ ಮೇಲೆ ಕೂತು, ಬಂದವರಿಗೆ ರೇಷನ್ ಕಾರ್ಡಿನ ಅರ್ಜಿ, ವಿಧವಾ ಪಿಂಚಣಿಯ ಅರ್ಜಿ ಬರೆದುಕೊಡುತ್ತಿದ್ದಳು. ಅದನ್ನೇ ಕಲಿತು ಮಾಡುವ ಕೋರ್ಸ್ ಒಂದಿದೆ ಎಂದು ಯಾರೋ ಹೇಳಿದ್ದಕ್ಕೆ ಈ ವಿಭಾಗಕ್ಕೆ ಸೇರಿದ್ದಳು. ಅವಳ ಅಕ್ಷರ ದುಂಡಗಿತ್ತು. ಬರೆಯುವಾಗ ಅಂಗೈಯನ್ನು ನನ್ನ ಮೇಲೆ ಒತ್ತಿ ಹಿಡಿಯುತ್ತಿದ್ದಳು. ನನಗೆ ಅದು ಹಿತವಾಗುತ್ತಿತ್ತು.

ನಮ್ಮನ್ನೆಲ್ಲ ಹಂಚಿದ ದಿನ ಡಾ. ಕುಬಿಹಾಳ ಸರ್ ತರಗತಿಯಲ್ಲಿ ನಿಂತು ಹೇಳಿದರು. ಅವರು ಕ್ಷೇತ್ರಕಾರ್ಯದ ಮೇಲ್ವಿಚಾರಕರು.

"ನೋಡ್ರಿ, ಈ ಪುಸ್ತಕದಾಗ ಬರದದ್ದು ಮಾತ್ರ ನಡದೈತಿ. ಬರೀದ ಇದ್ದದ್ದು ನಡದಿಲ್ಲ. ತಿಳೀತಿಲ್ಲೋ?"

ಎಲ್ಲರೂ ತಲೆಯಾಡಿಸಿದರು. ಕಸ್ತೂರಿ ಆ ಮಾತನ್ನು ನೋಟ್ಸಿನಲ್ಲೂ ಬರೆದುಕೊಂಡಳು.

ಮೊದಲ ವರ್ಷ ಕೊಳೆಗೇರಿಯ ಅಂಗನವಾಡಿಗಳಲ್ಲಿ ಕಳೆಯಿತು. ಎರಡನೆಯ ವರ್ಷ ಅವಳನ್ನು ಒಂದು ಕೌಟುಂಬಿಕ ಸಲಹಾ ಕೇಂದ್ರಕ್ಕೆ ಹಾಕಿದರು. ವಾರಕ್ಕೆ ಎರಡು ದಿನ ನಾವು ಅಲ್ಲಿಗೆ ಹೋಗುತ್ತಿದ್ದೆವು. ಎರಡು ಕೋಣೆ, ಒಂದು ಮೇಜು, ಗೋಡೆಯ ಮೇಲೆ ಕರಿ ಹಲಗೆ. ಆ ಹಲಗೆಯ ಮೇಲೆ ಪ್ರತಿ ತಿಂಗಳು ಎಷ್ಟು ಸಂಸಾರ 'ಒಂದಾಗಿವೆ' ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೇರೆಯಾದವರಿಗೆ ಹಲಗೆಯ ಮೇಲೆ ಜಾಗವಿರಲಿಲ್ಲ. ಅಲ್ಲಿಯ ಆಪ್ತಸಲಹೆಗಾರ್ತಿ ಸುಮಂಗಲಾ ಮೇಡಂ ಕೆಟ್ಟವರೇನಲ್ಲ. ಬಂದವರಿಗೆ ಚಹಾ ತರಿಸುವರು, ಅಳುವವರ ಬೆನ್ನು ಸವರುವರು. ಆದರೆ ಅವರ ಕಣ್ಣು ಹಲಗೆಯ ಮೇಲೆಯೇ ಇರುತ್ತಿತ್ತು.

ಕಾರ್ತಿಕದ ಒಂದು ಶುಕ್ರವಾರ ಶಂಕ್ರವ್ವ ಬಂದಳು. ಇಪ್ಪತ್ತೆಂಟರ ಹೆಂಗಸು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಗಂಡ ಮಹಾಂತೇಶ ಸರಕಿನ ಆಟೊ ಓಡಿಸುತ್ತಿದ್ದ. ಅವನ ಹೊಡೆತ ತಾಳಲಾರದೆ ತಂಗಿಯ ಮನೆ ಸೇರಿ ಹದಿನೈದು ದಿನವಾಗಿತ್ತು. ಕಸ್ತೂರಿ ನನ್ನನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೇಳಿದಳು.

"ಅಕ್ಕಾ, ನಿಮಗ ಏನು ಆಗಬೇಕು ಹೇಳ್ರಿ."

ಇಂಥ ಪ್ರಶ್ನೆಯನ್ನು ಶಂಕ್ರವ್ವನಿಗೆ ಹಿಂದೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ನನ್ನ ಹೊಲಿಗಿ ಮಷಿನ್ ಆ ಮನ್ಯಾಗ ಉಳದೈತಿ ತಂಗಿ. ಅದನ್ನೊಂದು ಕೊಡಸ್ರಿ ಸಾಕು. ನನ್ನ ಹೊಟ್ಟಿ ನಾ ನೋಡ್ಕೋತೀನಿ. ಆ ಮನಿಗೆ ಮಾತ್ರ ನಾ ಒಲ್ಲೆ."

"ಆತಕ್ಕಾ. ನಿಮಗ ಬ್ಯಾಡಾದದ್ದು ಇಲ್ಲಿ ಯಾರೂ ಮಾಡಸೂದಿಲ್ಲ," ಎಂದಳು ಕಸ್ತೂರಿ. ಹಾಗಂತ ಅವಳ ಪಠ್ಯಪುಸ್ತಕದಲ್ಲಿತ್ತು. ಅವಳು ಅದನ್ನು ನಂಬಿದ್ದಳು.

ಮುಂದಿನ ವಾರ ಮಹಾಂತೇಶನನ್ನು ಕರೆಸಿದರು. ಅವನ ಜೊತೆ ಅವನ ತಾಯಿ, ಇಬ್ಬರು ಹಿರಿಯರು ಬಂದರು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಸುಮಂಗಲಾ ಮೇಡಂ ಕಾಲಿಗೆ ನಮಸ್ಕಾರ ಮಾಡಿದ, ಎಲ್ಲರ ಮುಂದೆ ಅತ್ತ. ಶಂಕ್ರವ್ವ ಮೂರು ಸಲ "ನಾ ಒಲ್ಲೆರಿ" ಅಂದಳು. ಮೂರನೆಯ ಸಲ ಅವಳ ದನಿ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಯಾಕೆಂದರೆ ಕಸ್ತೂರಿ ಅವಳ ಪಕ್ಕದಲ್ಲೇ ಕೂತಿದ್ದಳು.

"ಗಂಡಸು ಇಷ್ಟು ಮಂದಿ ಮುಂದ ಕಣ್ಣೀರು ಹಾಕ್ಯಾನ. ಇನ್ನೇನು ಬೇಕವಾ ನಿನಗ?" ಎಂದರು ಮೇಡಂ. "ತಂಗಿ ಮನ್ಯಾಗ ಎಷ್ಟು ದಿನ ಇರ್ತಿ? ಸೈನ್ ಮಾಡು, ಎಲ್ಲಾ ಚಲೋ ಆಗತೈತಿ."

ಶಂಕ್ರವ್ವ ತಿರುಗಿ ಕಸ್ತೂರಿಯನ್ನು ನೋಡಿದಳು. ಕಸ್ತೂರಿ ಬಾಯಿ ತೆರೆದಳು. ಆದರೆ ಅವಳು ವಿದ್ಯಾರ್ಥಿನಿ. ಹಾಜರಾತಿಗೆ ಮೇಡಂ ಸಹಿ ಬೇಕಿತ್ತು. ಅವಳು ತಲೆ ತಗ್ಗಿಸಿ ನನ್ನ ಖಾಲಿ ಪುಟವನ್ನು ನೋಡಿದಳು. ಶಂಕ್ರವ್ವ ರಾಜಿಪತ್ರಕ್ಕೆ ಸಹಿ ಹಾಕಿದಳು. ಸಾಯಂಕಾಲದ ಹೊತ್ತಿಗೆ ಹಲಗೆಯ ಮೇಲಿನ ಅಂಕಿ ಒಂದು ಹೆಚ್ಚಿತು.

ಕಸ್ತೂರಿಗೆ ಮೊದಲು ಪೆನ್ಸಿಲಿನಲ್ಲಿ ಬರೆದು, ಸರ್ ನೋಡಿದ ಮೇಲೆ ಶಾಯಿಯಲ್ಲಿ ತಿದ್ದುವ ರೂಢಿ. ಅವತ್ತು ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಅವಳು ನಿಜವನ್ನೇ ಬರೆದಳು: 'ಅರ್ಜಿದಾರರು ಮೂರು ಬಾರಿ ನಿರಾಕರಿಸಿದರು. ಕೊನೆಗೆ ಒತ್ತಾಯಕ್ಕೆ ಸಹಿ ಹಾಕಿದರು. ನಾನು ಅವರ ಪರ ಮಾತನಾಡಲಿಲ್ಲ.' ಆ ಮೂರು ಸಾಲುಗಳನ್ನು ಹೊತ್ತಾಗ ನಾನು ಹುಟ್ಟಿದ್ದು ಸಾರ್ಥಕ ಅನ್ನಿಸಿತು.

ಕುಬಿಹಾಳ ಸರ್ ಅದನ್ನು ಓದಿ ಕನ್ನಡಕ ತೆಗೆದರು.

"ಏನವಾ ಇದು? ನಮಗ ಫೀಲ್ಡ್‌ವರ್ಕ್ ಪ್ಲೇಸ್‌ಮೆಂಟ್ ಕೊಟ್ಟವರ ಮ್ಯಾಲ ದೂರು ಬರದೀಯಲ್ಲ. ಮುಂದಿನ ವರ್ಷ ಅವರು ನಮ್ಮ ಹುಡುಗರನ್ನ ಒಳಗ ಬಿಡ್ತಾರೇನು?"

"ಸರ್, ಆಕಿ ಒಲ್ಲೆ ಅಂದಿದ್ಳು."

"ಸಹಿ ಮಾಡ್ಯಾಳಿಲ್ಲೋ? ಮತ್ತ? ಸ್ವಇಚ್ಛೆಯಿಂದ ಮರಳಿದರು ಅಂತ ಬರಿ. ಎಕ್ಸ್‌ಟರ್ನಲ್ ಪರೀಕ್ಷಕರು ಬಂದು ಓದ್ತಾರ. ನಿನ್ನ ಫಸ್ಟ್ ಕ್ಲಾಸ್ ಹೋಗತೈತಿ ನೋಡು."

ಅವಳು ರಬ್ಬರಿನಿಂದ ಉಜ್ಜಿದಳು. ಕಾಗದ ತೆಳ್ಳಗಾಗುವ ತನಕ ಉಜ್ಜಿದಳು. ಅದೇ ಜಾಗದಲ್ಲಿ ಶಾಯಿಯಿಂದ ಬರೆದಳು: 'ಆಪ್ತಸಲಹೆಯ ಫಲವಾಗಿ ಅರ್ಜಿದಾರರು ಸ್ವಇಚ್ಛೆಯಿಂದ ಪತಿಯ ಮನೆಗೆ ಮರಳಿದರು.' ಸರ್ ಕೆಳಗಿನ ಚೌಕದಲ್ಲಿ ಸಹಿ ಹಾಕಿ ಕೆಂಪಿನಲ್ಲಿ 'ಅತ್ಯುತ್ತಮ' ಎಂದು ಬರೆದರು.

ಕಸ್ತೂರಿ ಒಂದು ಸಲ ಶಂಕ್ರವ್ವನ ಮನೆ ಭೇಟಿಗೆ ಹೋಗಿಬರುತ್ತೇನೆಂದು ಕೇಳಿದಳು. ಫೋನ್ ಮಾಡಿದರೆ ಸಾಕೆಂದರು ಮೇಡಂ. ಫೋನ್ ಎತ್ತಿದವನು ಮಹಾಂತೇಶ. "ಆರಾಮ ಅದಾಳ್ರಿ ಮೇಡಂ, ರೊಟ್ಟಿ ಬಡಿಯಾಕತ್ತಾಳ," ಅಂದ. ಅದನ್ನೂ ನಾನು ಹೊತ್ತೆ: 'ದೂರವಾಣಿಯ ಮೂಲಕ ವಿಚಾರಿಸಲಾಯಿತು. ಕ್ಷೇಮವಾಗಿದ್ದಾರೆ.'

ಕೊನೆಯ ಸೆಮಿಸ್ಟರಿನಲ್ಲಿ ಒಂದು ತಿಂಗಳು ಆಸ್ಪತ್ರೆಯ ತರಬೇತಿ. ಹೆಂಗಸರ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೆಸರು, ವಯಸ್ಸು ಬರೆದುಕೊಳ್ಳುತ್ತಿದ್ದ ಕಸ್ತೂರಿ ಕಿಟಕಿಯ ಹತ್ತಿರ ಬಂದವಳೇ ನಿಂತುಬಿಟ್ಟಳು.

ಹಾಸಿಗೆಯ ಮೇಲೆ ಶಂಕ್ರವ್ವ ಇದ್ದಳು. ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು. ಅವಳ ತಂಗಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ನಡೆದದ್ದನ್ನು ತಂಗಿಯೇ ಹೇಳಿದಳು. ಶಂಕ್ರವ್ವ ಮತ್ತೆ ಮನೆ ಬಿಟ್ಟು ಹೊರಟಿದ್ದಳು. ಈ ಸಲ ಹೊಲಿಗೆ ಯಂತ್ರವನ್ನು ಹೊಸ್ತಿಲ ತನಕ ಎಳೆದು ತಂದಿದ್ದಳು. ಮಹಾಂತೇಶ ಅವಳ ಕೈಯನ್ನು ಆ ಯಂತ್ರದ ಮೇಲೇ ಒತ್ತಿಹಿಡಿದು ಗುಂಡುಕಲ್ಲಿನಿಂದ ಜಜ್ಜಿದ. ಮೂರು ಬೆರಳು ತೆಗೆಯಬೇಕಾಯಿತು.

ಶಂಕ್ರವ್ವ ಕಸ್ತೂರಿಯನ್ನು ಗುರುತು ಹಿಡಿದಳು. ಬೈಯುತ್ತಾಳೆಂದು ನಾನು ಕಾದೆ. ಅವಳು ಬೈಯಲಿಲ್ಲ.

"ನಿನ್ನ ಪರೀಕ್ಷಾ ಮುಗೀತೇನ ತಂಗಿ? ಪಾಸಾದೆ?"

ಕಸ್ತೂರಿ ನನ್ನನ್ನು ಎದೆಗೆ ಒತ್ತಿಕೊಂಡು ಹೊರಗೆ ಓಡಿದಳು. ಆ ದಿನದ ಪುಟ ಇಂದಿಗೂ ಖಾಲಿ ಇದೆ.

ಮರುದಿನ ಬೆಳಿಗ್ಗೆಯೇ ಅವಳು ಕುಬಿಹಾಳ ಸರ್ ಮುಂದೆ ನಿಂತಳು. ಪೊಲೀಸರಿಗೆ ನಡೆದದ್ದನ್ನು ಹೇಳುತ್ತೇನೆ ಅಂದಳು. ಕೇಂದ್ರದವರು ಆಗಲೇ ಪೊಲೀಸರಿಗೆ ರಾಜಿಪತ್ರ ಕೊಟ್ಟಿದ್ದರು. ಶಂಕ್ರವ್ವ ಒಪ್ಪಿಯೇ ಹೋಗಿದ್ದಳು, ತಮ್ಮಿಂದ ತಪ್ಪಾಗಿಲ್ಲ ಎಂದು ಬರೆದುಕೊಟ್ಟಿದ್ದರು. ಸರ್ ನನ್ನನ್ನು ತೆರೆದು ಆ ಪುಟದ ಮೇಲೆ ಬೆರಳಿಟ್ಟರು.

"ಇದು ಯಾರ ಅಕ್ಷರ? ನಿಂದ. ಈಗ ಹೋಗಿ ಬ್ಯಾರೆ ಹೇಳಿದರ ಸುಳ್ಳು ಬರದಾಕಿ ನೀನ ಆಗ್ತಿ. ಡಿಗ್ರಿ ಕೈಗೆ ಬರೂತನಕ ಸುಮ್ಮನಿರು."

ಅವಳು ಸುಮ್ಮನಿದ್ದಳು. ಇದನ್ನು ಮುಚ್ಚಿಟ್ಟು ಹೇಳುವುದಿಲ್ಲ ನಾನು. ಅವಳು ನನ್ನವಳು, ಆದರೂ ಸುಮ್ಮನಿದ್ದಳು.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಬಂದವರು ನನ್ನನ್ನು ಮಗುಚಿ ನೋಡಿ, "ಭೇಷ್, ಕೇಸ್ ವರ್ಕ್ ಅಂದ್ರ ಹಿಂಗ ಇರಬೇಕು," ಎಂದರು. ಅವಳಿಗೆ ಮೊದಲ ದರ್ಜೆ ಬಂತು. ನನ್ನನ್ನು ವಿಭಾಗದ ಗಾಜಿನ ಬೀರುವಿನಲ್ಲಿ ಮಾದರಿ ದಾಖಲೆಯೆಂದು ಇಟ್ಟರು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ನನ್ನನ್ನು ಕೊಂಡೊಯ್ದು ಮುಂದಿಟ್ಟುಕೊಂಡು ಬರೆದರು. ಹೆಸರು ಬದಲಿಸಿದರು, ಊರು ಬದಲಿಸಿದರು. 'ಸ್ವಇಚ್ಛೆಯಿಂದ ಮರಳಿದರು' ಎಂಬ ಸಾಲನ್ನು ಮಾತ್ರ ಅಕ್ಷರ ಬಿಡದೆ ಇಳಿಸಿಕೊಂಡರು.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ಕಸ್ತೂರಿ ಬಂದಳು. ಸೊರಗಿದ್ದಳು. ವಿಭಾಗದ ಜವಾನ ಹುಸೇನಸಾಬರು ಅವಳನ್ನು ಗುರುತಿಸಿ ಕುರ್ಚಿ ಕೊಟ್ಟರು.

"ಎಲ್ಲಿ ಅದೀಯವಾ ಈಗ?"

"ಎಲ್ಲೂ ಇಲ್ಲ ಕಾಕಾ. ಮೂರು ಕೇಂದ್ರದಾಗ ಕೆಲಸ ಮಾಡಿದೆ. ಹೆಣಮಕ್ಕಳು ಒಲ್ಲೆ ಅಂದರ ನಾ 'ಒಲ್ಲೆ ಅಂದಾರ' ಅಂತನ ಬರೀತೀನಿ. ಮೂರೂ ಕಡೆ ಬಿಡಿಸಿದರು."

"ಮತ್ತ ಇಲ್ಲಿಗೆ ಯಾಕ ಬಂದಿ?"

"ಶಂಕ್ರವ್ವನ ಕೇಸ್ ಖುಲಾಸೆ ಆತು. ಆತ ಬಿಡುಗಡಿಯಾಗಿ ಬಂದ. ನಾ ಕೋರ್ಟಿನಾಗ ಹೇಳಾಕ ಹೋದರ, ಅವನ ವಕೀಲ ಇಲ್ಲಿಂದ ತರಿಸಿದ್ದ ಈ ಪುಸ್ತಕದ ಝೆರಾಕ್ಸ್ ತೋರಿಸಿ, ಆಕಿ ತಾನಾಗೇ ಮರಳಿದಾಕಿ, ಹೊಡತದ ಮಾತೆಲ್ಲಾ ಸುಳ್ಳು ಅಂದ. ನಂದ ಅಕ್ಷರ, ಕಾಕಾ."

ಹುಸೇನಸಾಬರು ಬೀರುವಿನ ಬೀಗ ತೆಗೆದು ನನ್ನನ್ನು ಅವಳ ಮುಂದಿಟ್ಟು, ಚಹಾ ತರುತ್ತೇನೆಂದು ಹೊರಗೆ ಹೋದರು. ಅವಳು ಆ ಪುಟ ತೆಗೆದಳು. ಆ ಸಾಲಿನ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು: 'ಇದು ಸುಳ್ಳು. ಶಂಕ್ರವ್ವ ಒಲ್ಲೆ ಅಂದಿದ್ದರು. ನಾನು ಕೇಳಿಸಿಕೊಂಡಿದ್ದೆ.' ಕೆಳಗೆ ಸಹಿ, ದಿನಾಂಕ. ಚಹಾ ಬರುವ ಮೊದಲೇ ಎದ್ದು ಹೋದಳು.

ಒಂದು ವಾರದೊಳಗೆ ಕುಬಿಹಾಳ ಸರ್ ಅದನ್ನು ಕಂಡರು. ಮಾದರಿ ಪುಸ್ತಕ ಹಾಳಾಯಿತೆಂದು ಹುಸೇನಸಾಬರ ಮೇಲೆ ರೇಗಾಡಿ, ನನ್ನನ್ನು ಹಳೆಯ ಉತ್ತರ ಪತ್ರಿಕೆಗಳ ಗೋಣಿಚೀಲಕ್ಕೆ ಹಾಕಿಸಿದರು. ಸುಳ್ಳು ಹೊತ್ತಿದ್ದಷ್ಟು ಕಾಲ ಗಾಜಿನೊಳಗೆ ಇದ್ದೆ. ನಿಜ ಬಂದ ಮೇಲೆ ಒಂದು ವಾರವೂ ಅಲ್ಲಿ ಜಾಗ ಸಿಗಲಿಲ್ಲ.

ಈಗ ರದ್ದಿ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದೇನೆ. ರಟ್ಟು ಕಿತ್ತಿದೆ, ಹೊಲಿಗೆ ಬಿಚ್ಚಿದೆ. ಅದಕ್ಕೆ ನನಗೆ ದುಃಖವಿಲ್ಲ. ನನ್ನೊಳಗಿನ ಸಾಲನ್ನು ಕಸ್ತೂರಿ ಹೊಡೆದುಹಾಕಿ ಹೋದಳು. ಆದರೆ ನನ್ನನ್ನು ನೋಡಿ ಬರೆದ ಮೂವತ್ತು ನಲವತ್ತು ಪುಸ್ತಕಗಳಲ್ಲಿ ಅದು ಹಾಗೆಯೇ ಇದೆ, ಕೆಳಗೆ ಕುಬಿಹಾಳ ಸರ್ ಸಹಿಯೂ ಇದೆ. ಬರೆದವರೆಲ್ಲ ಪಾಸಾಗಿ, ಎಲ್ಲೆಲ್ಲೋ ಮೇಜಿನ ಹಿಂದೆ ಕೂತಿದ್ದಾರೆ. ಆ ಪುಟಗಳ ಹೆಂಗಸರಲ್ಲಿ ಎಷ್ಟು ಮಂದಿ ಒಲ್ಲೆ ಅಂದಿದ್ದರೋ, ಯಾರಿಗೂ ಗೊತ್ತಿಲ್ಲ.